ಹೊಸ ಸಂಶೋಧಕರಿಗೆ ಬಯೋಸೆನ್ಸರ್ ಕಲಿಸುವ ಬಗೆ: ಹನ್ನೆರಡು ವಾರ, ಒಂದು ಗ್ಲುಕೋಸ್ ಎಲೆಕ್ಟ್ರೋಡ್, ಒಂದು ಬಾಟಲಿ ಜೇನುತುಪ್ಪ

ಬಯೋಸೆನ್ಸರ್ ಎಂದರೆ ಕಿಣ್ವದಂಥ ಜೈವಿಕ ವಸ್ತುವಿನ ನೆರವಿನಿಂದ ಒಂದು ಪದಾರ್ಥ ಎಷ್ಟಿದೆ ಎಂದು ಅಳೆಯುವ ಸಾಧನ. ಎಂ.ಎಸ್ಸಿ. ಮುಗಿಸಿ ಲ್ಯಾಬಿಗೆ ಕಾಲಿಟ್ಟ ವಿದ್ಯಾರ್ಥಿಯ ಕೈಗೆ ಮೊದಲ ವಾರವೇ ಗ್ರಾಫೀನ್, ಚಿನ್ನದ ನ್ಯಾನೊಕಣ ಕೊಟ್ಟುಬಿಡುವ ರೂಢಿ ಹಲವೆಡೆ ಇದೆ. ಮೂರು ತಿಂಗಳಲ್ಲಿ ಒಂದು ಚಂದದ ಗ್ರಾಫ್ ಬರುತ್ತದೆ. ಅದು ಯಾಕೆ ಹಾಗೆ ಬಂತು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅಳೆಯಲು ಬಾರದವರು ಸೆನ್ಸರ್ ಕಟ್ಟಿದರೆ ಆಗುವುದು ಇಷ್ಟೇ. ಈ ಮಾರ್ಗದರ್ಶಿಯ ಕ್ರಮ ತಿರುಗಾಮುರುಗ: ಮೊದಲು ಅಳತೆ, ಆಮೇಲೆ ಎಲೆಕ್ಟ್ರೋಡ್, ಆಮೇಲಷ್ಟೇ ಕಿಣ್ವ. ಪ್ರತಿ ಹಂತದಲ್ಲೂ ವಿದ್ಯಾರ್ಥಿ ಬರಬೇಕಾದ ಅಂಕಿಯನ್ನು ಮೊದಲೇ ಲೆಕ್ಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಬಂದ ಅಂಕಿ ಅದಕ್ಕೆ ಹೊಂದದಿದ್ದರೆ ಮುಂದಿನ ಹಂತಕ್ಕೆ ಬಿಡಬೇಡಿ.

ಕಲಿಕೆಗೆ ಗ್ಲುಕೋಸ್ ಸೆನ್ಸರನ್ನೇ ಆರಿಸಿದ್ದಕ್ಕೆ ಕಾರಣವಿದೆ. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಕಿಣ್ವ ಎಲೆಕ್ಟ್ರೋಡಿನ ಕಲ್ಪನೆ ಮುಂದಿಟ್ಟಂದಿನಿಂದ ಇದರ ರಸಾಯನ ಚೆನ್ನಾಗಿ ತಿಳಿದಿದೆ. ಗ್ಲುಕೋಸ್ ಆಕ್ಸಿಡೇಸ್ ಗಟ್ಟಿ ಕಿಣ್ವ, ಸುಲಭವಾಗಿ ಸಿಗುತ್ತದೆ, ತುಸು ಒರಟು ಕೈಯನ್ನೂ ತಡೆದುಕೊಳ್ಳುತ್ತದೆ. ಗ್ಲುಕೋಸ್ ಮತ್ತು ಆಮ್ಲಜನಕದಿಂದ ಅದು ಗ್ಲುಕೋನಿಕ್ ಆಮ್ಲವನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ಕೊಡುತ್ತದೆ. ಪೆರಾಕ್ಸೈಡ್ ಪ್ಲಾಟಿನಂ ಮೇಲೆ ಉತ್ಕರ್ಷಣಗೊಂಡಾಗ ಕರೆಂಟ್ ಹುಟ್ಟುತ್ತದೆ. ಇಲ್ಲಿ ತಪ್ಪಾದರೆ ಅದರ ಮೂಲ ಹುಡುಕಬಹುದು. ಹೊಸ ವಸ್ತು, ಹೊಸ ಕಿಣ್ವ, ಹೊಸ ಮಾದರಿ ಮೂರೂ ಒಟ್ಟಿಗೆ ಬಂದರೆ ತಪ್ಪು ಎಲ್ಲಿದೆ ಎಂದು ಗೈಡಿಗೂ ಗೊತ್ತಾಗದು.

ಬೇಕಾಗುವ ಸಾಮಾನು: ಒಂದು ಪೊಟೆನ್ಷಿಯೊಸ್ಟಾಟ್ (ಬೇಕಾದ ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಯಂತ್ರ), 2 ಮಿಲಿಮೀಟರ್ ವ್ಯಾಸದ ಪ್ಲಾಟಿನಂ ಡಿಸ್ಕ್ ಎಲೆಕ್ಟ್ರೋಡ್ ಕನಿಷ್ಠ ನಾಲ್ಕು, ಬೆಳ್ಳಿ–ಬೆಳ್ಳಿ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ (ವೋಲ್ಟೇಜನ್ನು ಇದಕ್ಕೆ ಹೋಲಿಸಿ ಅಳೆಯುತ್ತೇವೆ) ಎರಡು, ಪ್ಲಾಟಿನಂ ತಂತಿ, 0.1 ಮಿಲಿಗ್ರಾಂ ತೋರಿಸುವ ತಕ್ಕಡಿ, 10, 100 ಮತ್ತು 1000 ಮೈಕ್ರೋಲೀಟರ್ ಪಿಪೆಟ್‌ಗಳು, ಯುವಿ ಸ್ಪೆಕ್ಟ್ರೋಫೋಟೋಮೀಟರ್, ಮ್ಯಾಗ್ನೆಟಿಕ್ ಸ್ಟರರ್, 25 ಡಿಗ್ರಿಗೆ ನಿಲ್ಲುವ ವಾಟರ್ ಬಾತ್. ಎರಡನೇ ರೆಫರೆನ್ಸ್ ಎಲೆಕ್ಟ್ರೋಡ್ ದುಬಾರಿ ಅನ್ನಿಸಬಹುದು. ಆದರೆ ಮೊದಲನೆಯದು ಕೈಕೊಟ್ಟಿದೆ ಎಂದು ತೋರಿಸಿಕೊಡುವುದು ಅದೊಂದೇ.

ವಾರ 1 ಮತ್ತು 2: ಪಿಪೆಟ್, ತಕ್ಕಡಿ, ಬಫರ್

100 ಮೈಕ್ರೋಲೀಟರ್ ನೀರನ್ನು ಹತ್ತು ಸಲ ತೂಗಿಸಿ. 25 ಡಿಗ್ರಿಯಲ್ಲಿ ಗಾಳಿಯಲ್ಲಿ ಅದರ ತೂಕ ಸುಮಾರು 99.6 ಮಿಲಿಗ್ರಾಂ. ಸರಾಸರಿ ಇದರ ಶೇ 1ರ ಒಳಗೆ ಇರಲಿ, ಹತ್ತು ತೂಕಗಳ ಏರಿಳಿತ ಶೇ 0.5 ದಾಟದಿರಲಿ. ಸರಾಸರಿ ಸರಿಯಿದ್ದು ಏರಿಳಿತ ಜಾಸ್ತಿ ಇದ್ದರೆ ತಪ್ಪು ಕೈಯದು: ಟಿಪ್ ಒಮ್ಮೆ ತೋಯಿಸಿಲ್ಲ, ಬೆರಳನ್ನು ಸರಕ್ಕನೆ ಬಿಟ್ಟಿದ್ದಾರೆ, ಅಥವಾ ಪಿಪೆಟ್ಟನ್ನು ಓರೆ ಹಿಡಿದಿದ್ದಾರೆ. ಏರಿಳಿತ ಕಡಿಮೆಯಿದ್ದು ಸರಾಸರಿಯೇ ಸರಿದಿದ್ದರೆ ಪಿಪೆಟ್ಟಿಗೆ ಕ್ಯಾಲಿಬ್ರೇಷನ್ ಬೇಕು. 10 ಮೈಕ್ರೋಲೀಟರ್ ಪರೀಕ್ಷೆಗೆ ಒಂದೊಂದನ್ನೇ ತೂಗಬೇಡಿ, ಈ ತಕ್ಕಡಿಯ ಕೊನೆಯ ಅಂಕಿಯೇ ಶೇ 1 ಆಗಿಬಿಡುತ್ತದೆ. ಹತ್ತು ಸಲ ಹಾಕಿದ್ದನ್ನು ಮುಚ್ಚಳವಿರುವ ವಯಲ್‌ನಲ್ಲಿ ಒಟ್ಟಿಗೆ ತೂಗಿಸಿ.

ಮುಂದೆ ಬಫರ್. 0.1 ಮೋಲಾರ್ ಸೋಡಿಯಂ ಫಾಸ್ಫೇಟ್, ಪಿಎಚ್ 7.4, ಒಂದು ಲೀಟರಿಗೆ ನೀರಿನಂಶವಿಲ್ಲದ ಡೈಸೋಡಿಯಂ ಲವಣ 10.99 ಗ್ರಾಂ, ಮೊನೊಸೋಡಿಯಂ ಲವಣ 2.71 ಗ್ರಾಂ. ಜೊತೆಗೆ 0.1 ಮೋಲಾರ್ ಆಗುವಂತೆ ಪೊಟ್ಯಾಸಿಯಂ ಕ್ಲೋರೈಡ್ 7.46 ಗ್ರಾಂ. ಈ ಅಂಕಿಗಳನ್ನು ಬಾಯಿಬಿಟ್ಟು ಹೇಳಬೇಡಿ, ಲೆಕ್ಕ ಹಾಕಿಸಿ. ಎಲ್ಲರೂ ಎಡವುವ ಜಾಗ ಬಾಟಲಿಯ ಲೇಬಲ್. ನಮ್ಮಲ್ಲಿ ಮೊನೊಸೋಡಿಯಂ ಫಾಸ್ಫೇಟ್ ಅನೇಕ ಸಲ ಡೈಹೈಡ್ರೇಟ್ ಆಗಿ ಬರುತ್ತದೆ, ಆಗ 2.71 ಅಲ್ಲ, 3.53 ಗ್ರಾಂ ಬೇಕು. ಉಪ್ಪು ಕರಗಿದ ಮೇಲೆ ಪಿಎಚ್ 7.4ರಿಂದ 0.1 ಕೆಳಗಿಳಿದರೆ ಸಹಜ, ಪೊಟ್ಯಾಸಿಯಂ ಕ್ಲೋರೈಡ್ ಸೇರಿ ಅಯಾನುಗಳು ಹೆಚ್ಚಿದ ಪರಿಣಾಮ ಅದು. 0.2ಕ್ಕಿಂತ ಹೆಚ್ಚು ಸರಿದರೆ ಸೋಡಿಯಂ ಹೈಡ್ರಾಕ್ಸೈಡ್ ಸುರಿದು ಮುಚ್ಚಿಹಾಕಲು ಬಿಡಬೇಡಿ. ತೂಕದಲ್ಲೋ ಮೀಟರಿನಲ್ಲೋ ತಪ್ಪಿದೆ, ಅದನ್ನು ಹುಡುಕಿಸಿ.

ಅದೇ ವಾರ 1 ಮೋಲಾರ್ ಗ್ಲುಕೋಸ್ ದಾಸ್ತಾನು ದ್ರಾವಣವನ್ನೂ ಮಾಡಿಸಿ: 1.80 ಗ್ರಾಂ, 10 ಮಿಲಿಲೀಟರಿಗೆ. ಮಾಡಿದ ಕೂಡಲೇ ಬಳಸಬಾರದು, ರಾತ್ರಿಯಿಡೀ ಇಡಬೇಕು. ಪುಡಿಯಲ್ಲಿ ಸಾಮಾನ್ಯವಾಗಿ ಆಲ್ಫಾ ರೂಪ ಇರುತ್ತದೆ, ಕಿಣ್ವ ಹಿಡಿಯುವುದು ಬೀಟಾ ರೂಪವನ್ನು. ನೀರಿನಲ್ಲಿ ಎರಡೂ ನಿಧಾನವಾಗಿ ಸಮತೋಲನಕ್ಕೆ ಬಂದು ಸುಮಾರು 36ಕ್ಕೆ 64ರ ಪ್ರಮಾಣದಲ್ಲಿ ನಿಲ್ಲುತ್ತವೆ. ಬೆಳಿಗ್ಗೆ ಕರಗಿಸಿ ಹತ್ತು ಗಂಟೆಗೆ ಅಳೆದ ವಿದ್ಯಾರ್ಥಿಗೆ ಕಡಿಮೆ ಕರೆಂಟ್, ಮಧ್ಯಾಹ್ನ ಜಾಸ್ತಿ ಕರೆಂಟ್ ಬರುತ್ತದೆ. ಅವರು ಸೆನ್ಸರ್ ‘ಸುಧಾರಿಸಿತು’ ಎಂದು ಬರೆದುಕೊಳ್ಳುತ್ತಾರೆ.

ವಾರ 3 ಮತ್ತು 4: ಬರೀ ಪ್ಲಾಟಿನಂ

ಇಡೀ ತರಬೇತಿಯ ಬೆನ್ನುಮೂಳೆ ಇದು. ಇಲ್ಲಿ ಅವಸರ ಮಾಡಿದ ಲ್ಯಾಬುಗಳು ಮುಂದೆ ತಿಂಗಳುಗಟ್ಟಲೆ ಅದರ ಬೆಲೆ ತೆರುತ್ತವೆ.

1. ಅಲ್ಯುಮಿನಾ ಪುಡಿಯಿಂದ ಉಜ್ಜಿಸಿ: 1 ಮೈಕ್ರಾನ್, 0.3, ಕೊನೆಗೆ 0.05. ಪ್ರತಿ ಹಂತ ಎರಡು ನಿಮಿಷ, ಎಂಟು ಅಂಕೆಯ ಆಕಾರದಲ್ಲಿ, ಎಲೆಕ್ಟ್ರೋಡ್ ನೆಟ್ಟಗೆ ಹಿಡಿದು. ಒಂದೊಂದು ಪುಡಿಗೆ ಒಂದೊಂದು ಬಟ್ಟೆ. ದೊಡ್ಡ ಕಣ ಸಣ್ಣದರ ಬಟ್ಟೆಗೆ ಸೇರಿದರೆ ಗೀರು ಹೋಗುವುದೇ ಇಲ್ಲ.

2. ನೀರಿನಲ್ಲಿ, ಎಥನಾಲಿನಲ್ಲಿ, ಮತ್ತೆ ನೀರಿನಲ್ಲಿ ಒಂದೊಂದು ನಿಮಿಷ ಸೋನಿಕೇಟರ್. ಹತ್ತು ನಿಮಿಷ ಬಿಟ್ಟರೆ ಪ್ಲಾಟಿನಂಗೂ ಸುತ್ತಲಿನ ಪ್ಲಾಸ್ಟಿಕ್ಕಿಗೂ ನಡುವೆ ಬಿರುಕು ಬಿಡಬಹುದು. ಆ ಸಂದಿಗೆ ದ್ರಾವಣ ಇಳಿದರೆ ಹಿನ್ನೆಲೆ ಕರೆಂಟ್ ಏರುತ್ತದೆ, ಎಷ್ಟು ಉಜ್ಜಿದರೂ ಸರಿಹೋಗದು.

3. ನೈಟ್ರೋಜನ್ ಹಾಯಿಸಿದ 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ −0.2ರಿಂದ +1.2 ವೋಲ್ಟ್ ನಡುವೆ, ಸೆಕೆಂಡಿಗೆ 100 ಮಿಲಿವೋಲ್ಟ್ ವೇಗದಲ್ಲಿ ಸೈಕಲ್ ಓಡಿಸಿ. ಎಡಬದಿಯಲ್ಲಿ ಹೈಡ್ರೋಜನ್ನಿನ ಜೋಡಿ ಶಿಖರ ಸ್ಪಷ್ಟವಾಗಿ ಎದ್ದು, ಒಂದರ ಮೇಲೊಂದು ಸೈಕಲ್ ಕೂರುವವರೆಗೆ ನಿಲ್ಲಿಸಬೇಡಿ. ಶಿಖರಗಳು ಕರಗಿದಂತೆ ಕಂಡರೆ ಮೇಲ್ಮೈ ಮೇಲೆ ಜಿಡ್ಡಿದೆ.

4. ಚೆನ್ನಾಗಿ ತೊಳೆದು, 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಕರಗಿಸಿದ 5 ಮಿಲಿಮೋಲಾರ್ ಪೊಟ್ಯಾಸಿಯಂ ಫೆರಿಸಯನೈಡಿನಲ್ಲಿ ವೋಲ್ಟಮೊಗ್ರಾಮ್ (ವೋಲ್ಟೇಜ್ ಏರಿಳಿಸುತ್ತಾ ಕರೆಂಟ್ ಗುರುತಿಸುವ ಗ್ರಾಫ್) ತೆಗೆಸಿ: ವೇಗ ಸೆಕೆಂಡಿಗೆ 10, 20, 50, 100, 200 ಮಿಲಿವೋಲ್ಟ್.

ಅಳೆಯುವ ಮೊದಲು ರ‍್ಯಾಂಡಲ್ಸ್–ಸೆವ್ಚಿಕ್ ಸಮೀಕರಣದಿಂದ (ಶಿಖರದ ಕರೆಂಟ್ ಎಷ್ಟು ಬರಬೇಕೆಂದು ಹೇಳುವ ಸೂತ್ರ) ಲೆಕ್ಕ ಹಾಕಲಿ. 2 ಮಿಲಿಮೀಟರ್ ಡಿಸ್ಕಿನ ವಿಸ್ತೀರ್ಣ 0.0314 ಚದರ ಸೆಂಟಿಮೀಟರ್. ವಿಸರಣ ಗುಣಾಂಕ ಸೆಕೆಂಡಿಗೆ 7.6 ಗುಣಿಸು 10ರ −6 ಘಾತ ಚದರ ಸೆಂಟಿಮೀಟರ್. 50 ಮಿಲಿವೋಲ್ಟ್ ವೇಗದಲ್ಲಿ ಶಿಖರದ ಕರೆಂಟ್ ಸುಮಾರು 26 ಮೈಕ್ರೋಆಂಪಿಯರ್ ಬರಬೇಕು. ಎರಡು ಶಿಖರಗಳ ಅಂತರ ಆದರ್ಶದಲ್ಲಿ 59 ಮಿಲಿವೋಲ್ಟ್. ಪ್ರಯೋಗದಲ್ಲಿ 65ರಿಂದ 85 ಬಂದರೆ ಒಪ್ಪಿಕೊಳ್ಳಿ. ಶಿಖರದ ಎತ್ತರವನ್ನು ವೇಗದ ವರ್ಗಮೂಲದ ಎದುರು ಗುರುತಿಸಿದರೆ ನೇರ ಗೆರೆ ಬರಬೇಕು.

ಬರದಿದ್ದರೆ? ಅಂತರ 120 ದಾಟಿದ್ದರೆ ಮೊದಲು ರೆಫರೆನ್ಸ್ ಎಲೆಕ್ಟ್ರೋಡ್ ನೋಡಿ: ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರಬಹುದು, ಒಣಗಿರಬಹುದು. ಎರಡನೆಯದನ್ನು ಹಾಕಿ ಹೋಲಿಸಿ. ಅದರಲ್ಲೂ ಹಾಗೇ ಬಂದರೆ ಮೇಲ್ಮೈ ಕೊಳೆ. ಎತ್ತರ 26ರ ಬದಲು 15 ಬಂದರೆ ಡಿಸ್ಕಿನ ಭಾಗ ಮುಚ್ಚಿದೆ ಅಥವಾ ದ್ರಾವಣದ ಸಾರತೆ ತಪ್ಪಾಗಿದೆ. ಗೆರೆಯ ತುಂಬ ನಡುಕವಿದ್ದರೆ ಅದು 50 ಹರ್ಟ್ಸ್ ಮನೆಕರೆಂಟಿನ ಗದ್ದಲ. ತುಕ್ಕು ಹಿಡಿದ ಕ್ಲಿಪ್ ಬದಲಿಸಿ, ಸೆಲ್ಲನ್ನು ಅರ್ಥ್ ಮಾಡಿದ ಲೋಹದ ಡಬ್ಬಿಯೊಳಗೆ ಇಡಿ. ಖಾಲಿ ಬಿಸ್ಕತ್ತಿನ ತಗಡಿನ ಡಬ್ಬಿಯೂ ಸಾಕು.

ಈ ವಾರದ ಮೇಜಿನ ಮೇಲೆ ಆಮ್ಲವೂ ಇದೆ, ಫೆರಿಸಯನೈಡೂ ಇದೆ. ಎರಡರ ತ್ಯಾಜ್ಯವನ್ನು ಒಂದೇ ಕ್ಯಾನಿಗೆ ಸುರಿಯುವಂತಿಲ್ಲ, ಪ್ರಬಲ ಆಮ್ಲ ತಗುಲಿದರೆ ವಿಷಾನಿಲ ಹೈಡ್ರೋಜನ್ ಸಯನೈಡ್ ಏಳುವ ಅಪಾಯವಿದೆ. ಕ್ಯಾನುಗಳನ್ನು ಬೇರೆ ಬೇರೆ ಕಪಾಟಿನಲ್ಲಿಟ್ಟು, ಲೇಬಲ್ಲನ್ನು ವಿದ್ಯಾರ್ಥಿಯ ಕೈಯಲ್ಲೇ ಬರೆಸಿ.

ವಾರ 5: ಪೆರಾಕ್ಸೈಡ್

ಕಿಣ್ವ ಹಚ್ಚುವ ಮೊದಲು ಅದು ಕೊಡುವ ಪೆರಾಕ್ಸೈಡನ್ನು ಪ್ಲಾಟಿನಂ ನೋಡಬಲ್ಲದೇ ಎಂದು ತಿಳಿಯಬೇಕು. ಶೇ 30ರ ಪೆರಾಕ್ಸೈಡ್ ಸುಮಾರು 9.8 ಮೋಲಾರ್, ಅದರ 102 ಮೈಕ್ರೋಲೀಟರನ್ನು 100 ಮಿಲಿಲೀಟರಿಗೆ ಸೇರಿಸಿದರೆ 10 ಮಿಲಿಮೋಲಾರ್. ಆದರೆ ಹಳೆಯ ಬಾಟಲಿಯ ಮಾತು ನಂಬುವಂತಿಲ್ಲ. 240 ನ್ಯಾನೊಮೀಟರಿನಲ್ಲಿ ಓದಿಸಿ: ಬೆಳಕು ಹೀರುವ ಮೋಲಾರ್ ಗುಣಾಂಕ 43.6 ಆದ್ದರಿಂದ ಒಂದು ಸೆಂಟಿಮೀಟರ್ ಕ್ವಾರ್ಟ್ಜ್ ಕ್ಯುವೆಟ್ಟಿನಲ್ಲಿ 0.436 ಬರಬೇಕು. ಪ್ಲಾಸ್ಟಿಕ್ ಕ್ಯುವೆಟ್ ಹಾಕಿದರೆ ಅದೇ ಬೆಳಕನ್ನು ನುಂಗುತ್ತದೆ.

10 ಮಿಲಿಲೀಟರ್ ಬಫರ್, 25 ಡಿಗ್ರಿ, ಒಂದೇ ವೇಗದ ಕಲಕು, +0.6 ವೋಲ್ಟ್. ವೋಲ್ಟೇಜ್ ಕೊಟ್ಟ ಮೇಲೆ ಹಿನ್ನೆಲೆ ಇಳಿಯಲು ಇಪ್ಪತ್ತು–ಮೂವತ್ತು ನಿಮಿಷ ಕಾಯಲೇಬೇಕು. ಆಮೇಲೆ ಆ 10 ಮಿಲಿಮೋಲಾರ್ ಪೆರಾಕ್ಸೈಡನ್ನು 10 ಮೈಕ್ರೋಲೀಟರಿನಂತೆ ಹಾಕುತ್ತಾ ಹೋದರೆ ಪ್ರತಿ ಸಲ 10 ಮೈಕ್ರೋಮೋಲಾರಿನ ಒಂದು ಮೆಟ್ಟಿಲು. ನಾಲ್ಕೂ ಎಲೆಕ್ಟ್ರೋಡುಗಳ ಇಳಿಜಾರು (ಸಾರತೆ ಏರಿದಂತೆ ಕರೆಂಟ್ ಎಷ್ಟು ಏರುತ್ತದೆ ಎಂಬ ಅಳತೆ) ಬರೆದಿಡಿ. ಮುಂದೆ ಕಿಣ್ವದ ಸೆನ್ಸರ್ ಮಂಕಾದಾಗ ದೋಷ ಪ್ಲಾಟಿನಂನದೋ ಪದರದ್ದೋ ಎಂದು ಬಿಡಿಸಿ ಹೇಳುವ ಅಂಕಿ ಇದೇ.

ವಾರ 6 ಮತ್ತು 7: ಕಿಣ್ವದ ಪದರ

ಆಸ್ಪರ್ಜಿಲ್ಲಸ್ ನೈಗರ್ ಮೂಲದ ಗ್ಲುಕೋಸ್ ಆಕ್ಸಿಡೇಸ್ ಮಿಲಿಲೀಟರಿಗೆ 20 ಮಿಲಿಗ್ರಾಂ, ಬೊವೈನ್ ಸೀರಮ್ ಆಲ್ಬುಮಿನ್ ಮಿಲಿಲೀಟರಿಗೆ 100 ಮಿಲಿಗ್ರಾಂ, ಎರಡೂ ಫಾಸ್ಫೇಟ್ ಬಫರಿನಲ್ಲಿ. 10 ಮೈಕ್ರೋಲೀಟರ್ ಕಿಣ್ವಕ್ಕೆ 10 ಮೈಕ್ರೋಲೀಟರ್ ಆಲ್ಬುಮಿನ್ ಸೇರಿಸಿ ಮೆಲ್ಲಗೆ ಬೆರೆಸಿ, ನೊರೆ ಏಳಬಾರದು. ಕೊನೆಗೆ ಶೇ 2.5ರ ಗ್ಲುಟರಾಲ್ಡಿಹೈಡ್ 5 ಮೈಕ್ರೋಲೀಟರ್. ಒಟ್ಟು ಮಿಶ್ರಣದಲ್ಲಿ ಅದು ಶೇ 0.5 ಆಗುತ್ತದೆ. ತಡಮಾಡದೆ 3 ಮೈಕ್ರೋಲೀಟರ್ ಹನಿಯನ್ನು ಡಿಸ್ಕಿನ ನಡುವೆ ಇಳಿಸಿ, ತುದಿ ಮೇಲ್ಮುಖವಾಗಿ ನಿಲ್ಲಿಸಿ, ಒದ್ದೆ ಟಿಶ್ಯೂ ಇಟ್ಟ ಬೀಕರನ್ನು ಮುಚ್ಚಿ ಒಂದು ಗಂಟೆ ಬಿಡಿ. ಫ್ಯಾನ್ ಕೆಳಗೆ ಒಣಗಿಸಿದರೆ ಪದರ ಬಿರಿಯುತ್ತದೆ. ಬಳಿಕ 0.1 ಮೋಲಾರ್ ಗ್ಲೈಸಿನ್ ದ್ರಾವಣದಲ್ಲಿ ಹತ್ತು ನಿಮಿಷ ಅದ್ದಿ, ಉಳಿದ ಆಲ್ಡಿಹೈಡ್ ತುದಿಗಳನ್ನು ಅದು ಮುಚ್ಚುತ್ತದೆ. ಬಫರಿನಲ್ಲಿ ತೊಳೆದು 4 ಡಿಗ್ರಿಯಲ್ಲಿ ಬಫರಿನೊಳಗೇ ಇಡಿ.

ಗ್ಲುಟರಾಲ್ಡಿಹೈಡ್ ಕಣ್ಣು, ಉಸಿರು ಎರಡಕ್ಕೂ ಕೆಟ್ಟದ್ದು. ಫ್ಯೂಮ್ ಹುಡ್, ನೈಟ್ರೈಲ್ ಕೈಗವಸು, ಕನ್ನಡಕ ಇಲ್ಲದೆ ಬಾಟಲಿ ತೆರೆಯುವಂತಿಲ್ಲ.

ಅದು ಹಿಡಿಯುವುದು ಪ್ರೋಟೀನಿನ ಅಮೈನ್ ಗುಂಪುಗಳನ್ನು. ಪಕ್ಕದ ಬೆಂಚಿನಿಂದ ಟ್ರಿಸ್ ಬಫರ್ ಎರವಲು ತಂದು ಕಿಣ್ವ ಕರಗಿಸಿದರೆ ಟ್ರಿಸ್ಸಿನ ಅಮೈನೇ ಅದನ್ನೆಲ್ಲ ತಿಂದುಹಾಕುತ್ತದೆ, ಪದರ ಗಟ್ಟಿಯಾಗದೆ ತೊಳೆದುಹೋಗುತ್ತದೆ. ಗ್ಲುಟರಾಲ್ಡಿಹೈಡ್ ಜಾಸ್ತಿಯಾದರೆ ಪದರ ಗಟ್ಟಿ, ಕಿಣ್ವ ಮಂಕು; ಕಡಿಮೆಯಾದರೆ ಕಿಣ್ವ ಚುರುಕು, ಪದರ ಸೋರುತ್ತದೆ. ವಿದ್ಯಾರ್ಥಿಗೆ ಶೇ 0.1, 0.5, 1.5ರಲ್ಲಿ ಮೂರು ಪದರ ಮಾಡಿ ಕಣ್ಣಾರೆ ನೋಡಲು ಬಿಡಿ. ಎರಡು ದಿನದ ಕೆಲಸ ಅದು, ಹತ್ತು ಉಪನ್ಯಾಸಕ್ಕೆ ಸಮ.

ನಾಲ್ಕು ಎಲೆಕ್ಟ್ರೋಡಿನಲ್ಲಿ ಮೂರಕ್ಕೆ ಕಿಣ್ವದ ಪದರ, ನಾಲ್ಕನೆಯದಕ್ಕೆ ಕಿಣ್ವವಿಲ್ಲದ ಬರೀ ಆಲ್ಬುಮಿನ್ ಪದರ. ಈ ನಾಲ್ಕನೆಯದೇ ಕಂಟ್ರೋಲ್. ಅದನ್ನು ಬಿಟ್ಟು ಮಾಡಿದ ಯಾವ ಪ್ರಯೋಗವನ್ನೂ ನೋಟ್‌ಬುಕ್ಕಿನಲ್ಲಿ ಪೂರ್ಣ ಎಂದು ಒಪ್ಪಬೇಡಿ.

ವಾರ 8: ಕ್ಯಾಲಿಬ್ರೇಷನ್, ಮತ್ತು ಆಮ್ಲಜನಕದ ಪಾಠ

ದಾಸ್ತಾನನ್ನು ಹತ್ತು ಪಟ್ಟು ಸಾರರಿಕ್ತಗೊಳಿಸಿ 0.1 ಮೋಲಾರ್ ಮಾಡಿ. 10 ಮಿಲಿಲೀಟರ್ ಬಫರಿಗೆ 10 ಮೈಕ್ರೋಲೀಟರ್ ಹಾಕಿದರೆ 0.1 ಮಿಲಿಮೋಲಾರ್. 1 ಮಿಲಿಮೋಲಾರ್ ಮುಟ್ಟುವವರೆಗೆ ಹೀಗೆ, ಆಮೇಲೆ 100 ಮೈಕ್ರೋಲೀಟರಿನ ದೊಡ್ಡ ಮೆಟ್ಟಿಲು. ಒಟ್ಟು ಗಾತ್ರ ಹೆಚ್ಚುತ್ತಾ ಹೋಗುವುದನ್ನು ಲೆಕ್ಕಕ್ಕೆ ಹಿಡಿಯುವುದು ಮರೆಯಬಾರದು.

ಮೇಲೆ ಹೋದಂತೆ ಗೆರೆ ಬಾಗುತ್ತದೆ. ‘ಕಿಣ್ವ ತುಂಬಿಹೋಯಿತು’ ಎಂದು ವಿದ್ಯಾರ್ಥಿ ಪುಸ್ತಕದ ಉತ್ತರ ಕೊಡುತ್ತಾರೆ. ಅದು ಪೂರ್ತಿ ನಿಜವಲ್ಲ. ಒಂದು ಗ್ಲುಕೋಸಿಗೆ ಒಂದು ಆಮ್ಲಜನಕ ಬೇಕು. ಗಾಳಿಗೆ ತೆರೆದ ನೀರಿನಲ್ಲಿ 25 ಡಿಗ್ರಿಗೆ ಆಮ್ಲಜನಕ ಇರುವುದು ಸುಮಾರು 0.26 ಮಿಲಿಮೋಲಾರ್, ಅದೂ ಸಮುದ್ರಮಟ್ಟದಲ್ಲಿ. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು ಶೇ 10 ಕಡಿಮೆ, ಅಷ್ಟರಮಟ್ಟಿಗೆ ಆಮ್ಲಜನಕವೂ ಕಡಿಮೆ. ಹಾಗಾಗಿ ಮಂಗಳೂರಿನಲ್ಲಿ ಮಾಡಿದ ಸೆನ್ಸರ್ ಬೆಂಗಳೂರಿನಲ್ಲಿ ತುಸು ಬೇಗ ಬಾಗಬಹುದು. ಪರೀಕ್ಷೆ ಸರಳ: ಗೆರೆ ಬಾಗಿದಲ್ಲಿ ಆಮ್ಲಜನಕ ಹಾಯಿಸಿ ನೋಡಿ. ಕರೆಂಟ್ ಏರಿದರೆ ಕೊರತೆ ಆಮ್ಲಜನಕದ್ದು. 1984ರಲ್ಲಿ ಆಕ್ಸ್‌ಫರ್ಡ್ ಮತ್ತು ಕ್ರ್ಯಾನ್‌ಫೀಲ್ಡಿನ ತಂಡ ಫೆರೊಸೀನ್ ಎಂಬ ಕಬ್ಬಿಣದ ಸಂಯುಕ್ತವನ್ನು ಎಲೆಕ್ಟ್ರಾನ್ ಸಾಗಿಸುವ ಮಧ್ಯವರ್ತಿಯಾಗಿ ತಂದು ಆಮ್ಲಜನಕದ ಜಾಗದಲ್ಲಿ ನಿಲ್ಲಿಸಿದ್ದು ಯಾಕೆ ಎಂಬುದು ಈಗ ಹೇಳದೆಯೇ ಅರ್ಥವಾಗುತ್ತದೆ.

ಪತ್ತೆ ಮಿತಿಗೆ, ಅಂದರೆ ಸೆನ್ಸರ್ ಗುರುತಿಸಬಲ್ಲ ಅತಿ ಕಡಿಮೆ ಸಾರತೆಗೆ, ಖಾಲಿ ಬಫರಿನ ಹತ್ತು ಓದುಗಳ ಪ್ರಮಾಣ ವಿಚಲನೆ ತೆಗೆದು 3.3ರಿಂದ ಗುಣಿಸಿ ಇಳಿಜಾರಿನಿಂದ ಭಾಗಿಸಿ. ಉದಾಹರಣೆಗೆ ವಿಚಲನೆ 1.5 ನ್ಯಾನೊಆಂಪಿಯರ್, ಇಳಿಜಾರು ಮಿಲಿಮೋಲಾರಿಗೆ 300 ಆದರೆ ಮಿತಿ 0.0165 ಮಿಲಿಮೋಲಾರ್. ಆ ಹತ್ತು ಓದು ಹತ್ತು ಬೇರೆ ಬೇರೆ ಬಾರಿ ತಾಜಾ ಬಫರಿನಲ್ಲಿ ತೆಗೆದದ್ದಾಗಿರಬೇಕು, ಒಂದೇ ಗೆರೆಯ ಮೇಲಿನ ಹತ್ತು ಚುಕ್ಕಿಗಳಲ್ಲ. ಹಾಗೆಯೇ ‘ಮೂರು ಸಲ ಮಾಡಿದೆ’ ಎಂದರೆ ಮೂರು ಎಲೆಕ್ಟ್ರೋಡ್, ಒಂದೇ ಎಲೆಕ್ಟ್ರೋಡಿನ ಮೂರು ಓಟವಲ್ಲ. ಸಂಬಂಧ ಗುಣಾಂಕ 0.999 ಬಂತೆಂದು ಹಿಗ್ಗಿದವರಿಗೆ ಶೇಷಗಳ (ಚುಕ್ಕಿಗೂ ಗೆರೆಗೂ ಇರುವ ಅಂತರಗಳ) ಗ್ರಾಫ್ ಹಾಕಿಸಿ. ಬಾಗಿದ ಗೆರೆಯೂ 0.99 ಕೊಡುತ್ತದೆ, ಶೇಷಗಳು ಬಿಲ್ಲಿನಂತೆ ಬಾಗಿ ಅದನ್ನು ಬಯಲುಮಾಡುತ್ತವೆ.

ವಾರ 9: ಅಡ್ಡಬರುವ ಪದಾರ್ಥಗಳು

+0.6 ವೋಲ್ಟಿನಲ್ಲಿ ಪೆರಾಕ್ಸೈಡ್ ಒಂದೇ ಅಲ್ಲ, ಆಸ್ಕಾರ್ಬಿಕ್ ಆಮ್ಲ, ಯೂರಿಕ್ ಆಮ್ಲ, ಪ್ಯಾರಸಿಟಮಾಲ್ ಕೂಡ ಉತ್ಕರ್ಷಣಗೊಳ್ಳುತ್ತವೆ. ರಕ್ತದ ಅನುಪಾತ ಉಳಿಸಿಕೊಂಡು ಪರೀಕ್ಷಿಸಿ: ಗ್ಲುಕೋಸ್ 5 ಮಿಲಿಮೋಲಾರಿಗೆ ಇವು ಕ್ರಮವಾಗಿ 0.1, 0.4, 0.15 ಎಂದಿಟ್ಟುಕೊಂಡು, ಎಲ್ಲವನ್ನೂ ಐದು ಪಟ್ಟು ಇಳಿಸಿದರೆ 1ಕ್ಕೆ 0.02, 0.08, 0.03. ಗ್ಲುಕೋಸನ್ನು ಧಾರಾಳವಾಗಿ, ಅಡ್ಡಿ ಪದಾರ್ಥವನ್ನು ಚಿಟಿಕೆಯಷ್ಟು ಹಾಕಿ ‘ಪರಿಣಾಮವಿಲ್ಲ’ ಎನ್ನುವುದು ಓದುಗರಿಗೆ ಮಾಡುವ ಮೋಸ. ಆಸ್ಕಾರ್ಬಿಕ್ ಆಮ್ಲದ ದ್ರಾವಣ ಅಂದಂದೇ ಮಾಡಬೇಕು. ಯೂರಿಕ್ ಆಮ್ಲ ಬಫರಿನಲ್ಲಿ ಸರಿಯಾಗಿ ಕರಗದು, 8 ಮಿಲಿಮೋಲಾರ್ ದಾಸ್ತಾನನ್ನು 20 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಮಾಡಿ.

ತಾನೂ ಋಣ ವಿದ್ಯುದಂಶ ಹೊತ್ತ ನಾಫಿಯಾನ್ ಎಂಬ ಪಾಲಿಮರಿನ ಪದರ ಋಣ ವಿದ್ಯುದಂಶದ ಆಸ್ಕಾರ್ಬೇಟ್, ಯೂರೇಟುಗಳನ್ನು ದೂರ ತಳ್ಳುತ್ತದೆ. ವಿದ್ಯುದಂಶವಿಲ್ಲದ ಪ್ಯಾರಸಿಟಮಾಲ್ ನುಸುಳಿ ಬರುತ್ತದೆ. ಪ್ರಶ್ಯನ್ ಬ್ಲೂ ಎಂಬ ಕಬ್ಬಿಣದ ನೀಲಿ ಸಂಯುಕ್ತ ಹಚ್ಚಿದ ಎಲೆಕ್ಟ್ರೋಡಿನಲ್ಲಿ ಪೆರಾಕ್ಸೈಡನ್ನು ಸೊನ್ನೆ ವೋಲ್ಟಿನ ಹತ್ತಿರವೇ ಅಪಕರ್ಷಿಸಿ ಅಳೆಯಬಹುದು, ಅಡ್ಡಿಗಳಿಗೆ ಅಲ್ಲಿ ಅವಕಾಶ ತೀರ ಕಡಿಮೆ. ಆದರೆ ಪಿಎಚ್ ಏರಿದಂತೆ ಪ್ರಶ್ಯನ್ ಬ್ಲೂ ಕರಗತೊಡಗುತ್ತದೆ. ಒಂದು ದೋಷ ತೆಗೆದಾಗ ಇನ್ನೊಂದು ಹೇಗೆ ಬರುತ್ತದೆ ಎಂಬುದನ್ನು ಇಲ್ಲೇ ಚರ್ಚಿಸಿ.

ವಾರ 10 ಮತ್ತು 11: ಜೇನುತುಪ್ಪ

ತರಬೇತಿಗೆ ರಕ್ತ ಬೇಡ. ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ, ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪಾಲನೆ, ಹೆಪಟೈಟಿಸ್ ಬಿ ಲಸಿಕೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಎಲ್ಲವೂ ಬೇಕು. ಜೇನುತುಪ್ಪ ಅಂಗಡಿಯಲ್ಲಿ ಸಿಗುತ್ತದೆ, ಕಲಿಸುವುದೂ ಬಹಳ.

1 ಗ್ರಾಂ ಜೇನನ್ನು ಬಫರಿನಲ್ಲಿ ಕರಗಿಸಿ 100 ಮಿಲಿಲೀಟರ್ ಮಾಡಿ. ಗ್ಲುಕೋಸ್ ಶೇ 30 ಇದೆ ಎಂದುಕೊಂಡರೆ ಇದು ಸುಮಾರು 16.7 ಮಿಲಿಮೋಲಾರ್. ಇದರ 100 ಮೈಕ್ರೋಲೀಟರನ್ನು 10 ಮಿಲಿಲೀಟರ್ ಸೆಲ್ಲಿಗೆ ಹಾಕಿದರೆ 0.165ರ ಆಸುಪಾಸು, ನೇರ ಗೆರೆಯ ಒಳಗೇ. ಕರೆಂಟ್ ನಿಂತ ಮೇಲೆ ಅದೇ ಸೆಲ್ಲಿಗೆ 0.1 ಮೋಲಾರ್ ಗ್ಲುಕೋಸ್ 10 ಮೈಕ್ರೋಲೀಟರಿನಂತೆ ಮೂರು ಸಲ ಸೇರಿಸಿ, ಗೆರೆಯನ್ನು ಹಿಂದಕ್ಕೆ ಎಳೆದು ಜೇನಿನ ಪಾಲು ತೆಗೆಯಿರಿ. ಈ ಇಳಿಜಾರು ಎಂಟನೇ ವಾರದ ಇಳಿಜಾರಿಗಿಂತ ಬೇರೆಯಾದರೆ ಜೇನಿನಲ್ಲಿರುವ ಏನೋ ಸೆನ್ಸರಿನ ಸ್ಪಂದನೆಯನ್ನೇ ಬದಲಿಸುತ್ತಿದೆ ಎಂದರ್ಥ.

ಜೇನಿನಲ್ಲಿ ಜೇನ್ನೊಣವೇ ಸೇರಿಸಿದ ಗ್ಲುಕೋಸ್ ಆಕ್ಸಿಡೇಸ್ ಇದೆ. ಗಟ್ಟಿ ಜೇನಿನಲ್ಲಿ ಅದು ಬಹುತೇಕ ಸುಮ್ಮನಿರುತ್ತದೆ. ನೀರು ಬೆರೆತೊಡನೆ ಎಚ್ಚೆತ್ತು ಪೆರಾಕ್ಸೈಡ್ ತಯಾರಿಸುತ್ತದೆ. ನಮ್ಮ ಸೆನ್ಸರ್ ಅಳೆಯುವುದು ಅದೇ ಪೆರಾಕ್ಸೈಡ್. ಅದರಲ್ಲಿ ಎಷ್ಟು ಪದರದೊಳಗೆ ಹುಟ್ಟಿದ್ದು, ಎಷ್ಟು ಜೇನಿನಿಂದಲೇ ಬಂದದ್ದು? ನಾಲ್ಕನೆಯ ಎಲೆಕ್ಟ್ರೋಡ್ ಈಗ ಮಾತಾಡುತ್ತದೆ: ಅದರಲ್ಲಿ ಬಂದ ಕರೆಂಟನ್ನು ಕಳೆಯಬೇಕು. ಇಷ್ಟು ಸಾರರಿಕ್ತ ದ್ರಾವಣದಲ್ಲಿ ಅದು ಚಿಕ್ಕದೇ ಇರಬಹುದು, ಆದರೆ ಚಿಕ್ಕದೆಂದು ಅಳೆದು ತೋರಿಸಬೇಕು. ಶೇ 10ರ ಜೇನಿನ ದ್ರಾವಣ ಮಾಡಿ, ತಾಜಾ ಇದ್ದಾಗ ಒಮ್ಮೆ, ನಾಲ್ಕು ಗಂಟೆ ಕಳೆದ ಮೇಲೆ ಒಮ್ಮೆ ಕಂಟ್ರೋಲಿನಲ್ಲಿ ಓದಿಸಿದರೆ ಎಷ್ಟು ಬದಲಾಗುತ್ತದೆ ಎಂದು ಗೊತ್ತಾಗುತ್ತದೆ.

ಹೋಲಿಕೆಗೆ ಬೇರೊಂದು ವಿಧಾನ ಬೇಕೇ ಬೇಕು. ಡಯಾಗ್ನೋಸ್ಟಿಕ್ ಲ್ಯಾಬುಗಳಲ್ಲಿ ಬಳಸುವ ಜಿಒಡಿ–ಪಿಒಡಿ (ಗ್ಲುಕೋಸ್ ಆಕ್ಸಿಡೇಸ್–ಪೆರಾಕ್ಸಿಡೇಸ್) ಕಿಟ್ ಹತ್ತಿರದಲ್ಲೇ ಸಿಗುತ್ತದೆ, ಆದರೆ ಅದೂ ಗ್ಲುಕೋಸ್ ಆಕ್ಸಿಡೇಸನ್ನೇ, ಪೆರಾಕ್ಸೈಡನ್ನೇ ನಂಬಿದ್ದು. ಎರಡೂ ಒಂದೇ ತಪ್ಪು ಮಾಡಿ ಒಂದೇ ಉತ್ತರ ಕೊಟ್ಟಾವು. ಬೇರೆಯೇ ಕಿಣ್ವ ಬಳಸುವ ಹೆಕ್ಸೊಕೈನೇಸ್ ವಿಧಾನ ಹಿಡಿಯಿರಿ: 340 ನ್ಯಾನೊಮೀಟರಿನಲ್ಲಿ ಗುಣಾಂಕ 6220, ಅಂದರೆ ಓದು 0.622 ಏರಿದರೆ ಕ್ಯುವೆಟ್ಟಿನಲ್ಲಿದ್ದ ಗ್ಲುಕೋಸ್ 0.1 ಮಿಲಿಮೋಲಾರ್. ಕನಿಷ್ಠ ಐದು ಬ್ರ್ಯಾಂಡಿನ ಜೇನು, ತಲಾ ಮೂರು ಎಲೆಕ್ಟ್ರೋಡ್. ಫಲಿತಾಂಶವನ್ನು ಎರಡು ವಿಧಾನಗಳ ಸರಾಸರಿಯ ಎದುರು ಅವುಗಳ ವ್ಯತ್ಯಾಸ ಎಂಬಂತೆ ಬ್ಲ್ಯಾಂಡ್–ಆಲ್ಟ್‌ಮನ್ ರೀತಿಯಲ್ಲಿ ಹಾಕಿಸಿ. ಸಂಬಂಧ ಗುಣಾಂಕ ಮಾತ್ರ ನೋಡಿದರೆ ಒಂದು ವಿಧಾನ ಸದಾ ಶೇ 20 ಜಾಸ್ತಿ ತೋರಿಸಿದರೂ ತಿಳಿಯದು.

ವಾರ 12: ಕೈ ಬದಲಾಯಿಸುವುದು

ವಿದ್ಯಾರ್ಥಿ ಇಷ್ಟರಲ್ಲಿ ತನ್ನ ಕಾರ್ಯವಿಧಾನವನ್ನು ಎರಡು ಪುಟದಲ್ಲಿ ಬರೆದಿರಬೇಕು: ಲವಣಗಳ ಪೂರ್ಣ ಹೆಸರು ಮತ್ತು ಹೈಡ್ರೇಟ್ ರೂಪ, ಕಿಣ್ವದ ಲಾಟ್ ನಂಬರ್ ಮತ್ತು ಮಿಲಿಗ್ರಾಮಿಗೆ ಯೂನಿಟ್, ಕಲಕುವ ವೇಗ, ಎಷ್ಟು ಹೊತ್ತು ಕಾಯಬೇಕು, ಯಾವ ಅಂಕಿ ಬಂದರೆ ನಿಲ್ಲಿಸಬೇಕು, ಯಾವ ಎಲೆಕ್ಟ್ರೋಡನ್ನು ಯಾವ ಕಾರಣಕ್ಕೆ ಲೆಕ್ಕದಿಂದ ಬಿಡಬಹುದು. ಬಿಡುವ ನಿಯಮ ಪ್ರಯೋಗಕ್ಕೆ ಮೊದಲೇ ಬರೆದದ್ದಾಗಿರಬೇಕು, ಗ್ರಾಫ್ ನೋಡಿದ ಮೇಲೆ ಹುಟ್ಟಿದ್ದಲ್ಲ.

ಆ ಎರಡು ಪುಟವನ್ನು ಈ ಕೆಲಸ ನೋಡಿಯೇ ಇರದ ಇನ್ನೊಬ್ಬರಿಗೆ ಕೊಡಿ. ಬರೆದವರು ಆ ಮೂರು ದಿನ ಲ್ಯಾಬಿನೊಳಗೆ ಇರಬಾರದು, ಫೋನಿನಲ್ಲೂ ಹೇಳಿಕೊಡಬಾರದು. ಹೊಸಬರು ಕಟ್ಟಿದ ಮೂರು ಸೆನ್ಸರುಗಳ ಇಳಿಜಾರು ಮೂಲ ಇಳಿಜಾರಿನ ಶೇ 20ರ ಒಳಗೆ ಬಂದರೆ ತರಬೇತಿ ಮುಗಿಯಿತು. ಬರದಿದ್ದರೆ ಇಬ್ಬರನ್ನೂ ಒಂದೇ ಬೆಂಚಿನ ಮುಂದೆ ನಿಲ್ಲಿಸಿ, ಕೈಗಳು ಎಲ್ಲಿ ಬೇರೆಯಾಗುತ್ತವೆ ನೋಡಿ. ಬಹುತೇಕ ಅದು ಹನಿ ಇಳಿಸುವಾಗಲೋ ಪದರ ಒಣಗಿಸುವಾಗಲೋ ಸಿಗುತ್ತದೆ. ಸಿಕ್ಕಿದ್ದನ್ನು ಕೆಂಪು ಪೆನ್ನಿನಲ್ಲಿ ಆ ಎರಡು ಪುಟಕ್ಕೆ ಸೇರಿಸಿ, ದಿನಾಂಕ ಹಾಕಿ, ಮತ್ತೆ ಕೊಡಿ.